ಸಿರಿಂಜ್ ಕೇಳಿದ ಪ್ರಶ್ನೆ

ಮಕ್ಕಳ ವಾರ್ಡಿನಲ್ಲಿ, ಬಾಯಿಗೆ ಔಷಧ ಹಾಕುವ ಸೂಜಿಯಿಲ್ಲದ ಒಂದು ಪುಟ್ಟ ಸಿರಿಂಜ್ ಆಗಷ್ಟೇ ಕವರಿನಿಂದ ಹೊರಬಂದಿತ್ತು. ಅದರ ಹೊಟ್ಟೆ ಹಿಡಿಯುತ್ತಿದ್ದುದು ಒಂದೇ ಮಿಲಿಲೀಟರ್. ಸಿಸ್ಟರ್ ಫ್ಲೋರಿನ್ ಅದನ್ನು ಕೈಗೆತ್ತಿಕೊಂಡು ಔಷಧದ ಚೀಟಿ ನೋಡಿದರು. ನಾಲ್ಕು ಮಿಲಿಲೀಟರ್ ಎಂದಿತ್ತು.

“ನಾಲ್ಕು ಸಲ ತುಂಬಬೇಕೇ? ನಮ್ಮ ಡಬ್ಬಿಯಿಂದ ಹೋದವರು ಯಾರೂ ಎರಡನೇ ಸಲ ತುಂಬಿದ್ದಿಲ್ಲ. ಈ ಮಗು ಅಷ್ಟು ದೊಡ್ಡದೇ?” ಎಂದು ಸಿರಿಂಜ್ ಚೀಟಿಯನ್ನು ಕೇಳಿತು.

“ನನ್ನ ಮೇಲೆ ದೊಡ್ಡ ಡಾಕ್ಟರರ ಸಹಿಯಿದೆ. ತುಂಬುವುದಷ್ಟೇ ನಿನ್ನ ಕೆಲಸ” ಎಂದು ಚೀಟಿ ಗದರಿತು.

ಸಿರಿಂಜಿಗೆ ಮುಜುಗರವಾಯಿತು. ಆದರೂ ಮನಸ್ಸು ತಡೆಯದೆ ಪಕ್ಕದ ತೂಕದ ಯಂತ್ರವನ್ನು ವಿಚಾರಿಸಿತು: “ಅಣ್ಣಾ, ನೀನು ಆ ಮಗುವನ್ನು ನೋಡಿದ್ದೀಯಾ?”

“ಈಗಷ್ಟೇ ನನ್ನ ಮೇಲೆ ಮಲಗಿ ಎದ್ದಿತು. ಬರೀ ಮೂರು ಕಿಲೋ. ಒಂದು ಕುಂಬಳಕಾಯಿಯಷ್ಟೂ ಇಲ್ಲ.”

ಸಿರಿಂಜ್ ಬೆಚ್ಚಿಬಿದ್ದು ಒಳಗೊಳಗೇ ಬಿಗಿದುಕೊಂಡಿತು. ಫ್ಲೋರಿನ್ ಎಷ್ಟು ಎಳೆದರೂ ಔಷಧ ಏರಲಿಲ್ಲ. ಆಕೆ ಕೈ ನಿಲ್ಲಿಸಿ ಚೀಟಿಯನ್ನು ಇನ್ನೊಮ್ಮೆ ಓದಿದರು, ಮಗುವಿನ ತೂಕ ನೋಡಿದರು, ಡಾಕ್ಟರನ್ನು ಕರೆದರು.

“ಅಯ್ಯೋ, ಸೊನ್ನೆ ಪಾಯಿಂಟ್ ನಾಲ್ಕು ಆಗಬೇಕಿತ್ತು! ಸದ್ಯ, ಕೇಳಿದಿರಿ ಸಿಸ್ಟರ್” ಎಂದು ಡಾಕ್ಟರ್ ಹಣೆಯ ಬೆವರೊರೆಸಿಕೊಂಡು ತಿದ್ದಿ ಬರೆದರು.

ಸಿರಿಂಜ್ ಸಡಿಲಾಯಿತು. ಅರ್ಧಕ್ಕೂ ಕಡಿಮೆ ತುಂಬಿದ ಔಷಧವನ್ನು ಚಪ್ಪರಿಸಿ ಮಗು ತಾಯಿಯ ಮಡಿಲಲ್ಲಿ ನಿದ್ದೆಹೋಯಿತು.

ಚೀಟಿ ತಗ್ಗಿದ ದನಿಯಲ್ಲಿ ಕೇಳಿತು: “ನಾನು ತಪ್ಪೆಂದು ನಿನಗೆ ಹೇಗೆ ಗೊತ್ತಾಯಿತು?”

“ಗೊತ್ತಿರಲಿಲ್ಲ,” ಎಂದಿತು ಸಿರಿಂಜ್, “ಅದಕ್ಕೇ ಕೇಳಿದೆ.”