ನೀರಿನಲ್ಲಿ ಆಡಿದ ಕೈ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಆಶ್ರಮ ಅಂದಕೂಡಲೇ ಜಪ, ತಪ, ಜಡೆ ಎಂದುಕೊಳ್ಳಬೇಡಿ. ಅಲ್ಲಿ ಇದ್ದದ್ದು ಬಸುರಿಯರ ಸಾಲು, ಒಂದು ಸ್ಕ್ಯಾನಿಂಗ್ ಯಂತ್ರ, ಮತ್ತು ಅಕ್ಕೋರು.

ಅಕ್ಕೋರು ವಯಸ್ಸಾದ ಡಾಕ್ಟರು. ಪಟ್ಟಣದ ದೊಡ್ಡ ಕೆಲಸ ಬಿಟ್ಟು, ಬಿಳಿ ಸೀರೆ ಉಟ್ಟು ಇಲ್ಲಿ ಬಂದು ಕೂತವರು. ಮಾತು ಕಡಿಮೆ. ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳುವ ಜಾಯಮಾನ ಅವರದಲ್ಲ.

ಅವರ ಬಳಿ ಕಲಿಯಲು ಬಂದ ಎಳೆಯ ಡಾಕ್ಟರು ಇಂದುಧರ. ಓದಿನಲ್ಲಿ ಚುರುಕು, ಕೈ ಇನ್ನೂ ಚುರುಕು. ಯಂತ್ರದ ಹಿಡಿಯನ್ನು ಹೊಟ್ಟೆಯ ಮೇಲೆ ಇಟ್ಟನೆಂದರೆ ಕೂಸಿನ ತಲೆ, ಬೆನ್ನು, ತೊಡೆಯ ಎಲುಬು ಎಲ್ಲವನ್ನೂ ಅಳೆದು ಮುಗಿಸಿ, ಮುಂದಿನವರನ್ನು ಕರೆಯುತ್ತಿದ್ದ.

ಅಕ್ಕೋರಿಗೆ ಅದು ಸೇರುತ್ತಿರಲಿಲ್ಲ.

"ಎಲುಬು ಅಳೀಬಹುದು ತಮ್ಮಾ," ಅನ್ನುತ್ತಿದ್ದರು. "ಕೀಲು ಅಳ್ಯಾಕ ಬರೂದಿಲ್ಲ. ಕೀಲಿಗೆ ಕಾಯಬೇಕು."

"ಎಲ್ಲೀತನಕ ಕಾಯಬೇಕ್ರಿ?"

"ಕೂಸು ತಾನಾಗೇ ಆಡೂತನಕ. ಅಲ್ಲೀತನಕ ನಿನ್ನ ಕೈ ಆಡಬಾರದು."

ಆ ಕೋಣೆಗೆ ಇದ್ದದ್ದು ಇದೊಂದೇ ನೇಮ. ಕೆಲವು ಕೂಸುಗಳ ಕೀಲುಗಳು ಬಸಿರಿನಲ್ಲೇ ಬಿಗಿದುಕೊಂಡುಬಿಡುತ್ತವೆ. ಮಡಚಿದ ಮಣಿಕಟ್ಟು ಮಡಚಿದ ಹಾಗೇ, ಒಳಗೆ ತಿರುಗಿದ ಪಾದ ತಿರುಗಿದ ಹಾಗೇ. ಆದರೆ ನಿದ್ದೆಯಲ್ಲಿರುವ ಕೂಸೂ ಒಂದು ಗಳಿಗೆ ಹಾಗೆಯೇ ಕಾಣುತ್ತದೆ. ಯಾವುದು ನಿದ್ದೆ, ಯಾವುದು ಬಿಗಿತ ಎಂದು ತಿಳಿಯಬೇಕಾದರೆ ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ.

ಆ ದಿನ ಹೊಳೆಯಾಚೆಯ ಊರಿನಿಂದ ಮಹಾನಂದಾ ಬಂದಳು. ಎರಡನೆಯ ಬಸಿರು. ಆರನೆಯ ತಿಂಗಳು ನಡೆಯುತ್ತಿತ್ತು.

"ಮೊದಲನೇದು ಇಷ್ಟೊತ್ತಿಗೆ ಒದ್ದೂ ಒದ್ದೂ ನಿದ್ದಿ ಕೆಡಸ್ತಿತ್ರಿ ಡಾಕ್ಟರ," ಎಂದಳು. "ಇದರದು ಸಪ್ಪಳನ ಇಲ್ಲ. ನಮ್ಮತ್ತಿ, 'ಶಾಣ್ಯಾ ಕೂಸು, ತಾಯಿಗೆ ತ್ರಾಸ ಕೊಡೂದಿಲ್ಲ' ಅಂತಾರ. ನನಗ ಮಾತ್ರ ಹೆದರಿಕಿ ಆಗೇತ್ರಿ."

ಅವಳ ಸೆರಗಿನ ತುದಿಯಲ್ಲಿ ಒಂದು ಗಂಟಿತ್ತು.

"ಅದೇನು ತಂಗಿ?" ಇಂದುಧರ ಕೇಳಿದ.

"ಸಕ್ಕರಿ ರೀ. ಕೂಸು ಆಡಾಕತ್ತೇತಿ ಅಂತ ನೀವು ಅಂದ್ರ, ಎಲ್ಲಾರಿಗೂ ಹಂಚಬೇಕಂತ ತಂದೀನಿ."

ಇಂದುಧರ ನಕ್ಕು ಹಿಡಿ ಕೈಗೆತ್ತಿಕೊಂಡ. ಸ್ವಲ್ಪ ಹೊತ್ತಿಗೆ ಆ ನಗೆ ಎಲ್ಲಿ ಹೋಯಿತೋ.

ಸುಳ್ಳು ಯಾಕೆ ಹೇಳಲಿ, ಹುಡುಗ ನೇಮ ಮರೆತಿರಲಿಲ್ಲ. ಕೈ ನಿಲ್ಲಿಸಿ ಕಾದ. ಪರದೆಯ ಮೇಲೆ ಪುಟ್ಟ ತೋಳುಗಳು ನೆಟ್ಟಗೆ ಸೆಟೆದಿದ್ದವು. ಮಣಿಕಟ್ಟುಗಳು ಒಳಕ್ಕೆ ಮಡಚಿದ್ದವು. ಪಾದಗಳು ಒಂದಕ್ಕೊಂದು ಎದುರಾಗಿ ತಿರುಗಿದ್ದವು. ಎದೆ ಮಾತ್ರ ಪಟಪಟ ಬಡಿಯುತ್ತಿತ್ತು. ಅವಳನ್ನು ಎಡಕ್ಕೆ ಹೊರಳಿಸಿ ಕಾದ, ಬಲಕ್ಕೆ ಹೊರಳಿಸಿ ಕಾದ. ಬೆರಳೊಂದೂ ಆಡಲಿಲ್ಲ.

ಅವನು ಅವಳ ಕಡೆ ನೋಡಿದ. ಅಲ್ಲೇ ಕೆಟ್ಟ. ಮಹಾನಂದಾ ಪರದೆಯನ್ನು ನೋಡುತ್ತಿರಲಿಲ್ಲ, ಇವನ ಮುಖವನ್ನೇ ನೋಡುತ್ತಿದ್ದಳು.

ಇಂದುಧರನ ಕೈ ಸ್ವಲ್ಪ ಒತ್ತಿತು. ಒಳಗಿನ ನೀರು ಅಲುಗಿತು. ಪುಟ್ಟ ಕೈ ಮೇಲೆದ್ದು ಕೆಳಗಿಳಿಯಿತು.

"ಆಡ್ತು ತಂಗಿ! ಆಡ್ತು!"

ಪರದೆಯನ್ನು ಅವಳ ಕಡೆ ತಿರುಗಿಸಿದ. ಮತ್ತೆ ಒತ್ತಿದ. ಕೈ ಮತ್ತೆ ಎದ್ದಿತು. ಒತ್ತಿದ್ದು ತಾನೇ ಎಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವಳ ಮುಖ ಅರಳಿದ್ದನ್ನು ಕಂಡ ಮೇಲೆ ಗೊತ್ತಿಲ್ಲವೆಂದೇ ನಂಬಿಕೊಂಡ. ಮನುಷ್ಯ ತನಗೆ ತಾನೇ ಹೇಳಿಕೊಂಡ ಸುಳ್ಳಿಗೆ ಸಾಕ್ಷಿ ಕೇಳುವುದಿಲ್ಲ.

ಮಹಾನಂದಾ ಅಳುತ್ತ ನಗುತ್ತ ಹೊರಗೆ ಹೋದಳು. ಸಾಲಿನಲ್ಲಿ ಕೂತ ಹೆಂಗಸರಿಗೆಲ್ಲ ಚಿಟಿಕೆ ಚಿಟಿಕೆ ಸಕ್ಕರೆ ಹಂಚಿದಳು. ಅಂಗಳದಲ್ಲಿ ಬರುತ್ತಿದ್ದ ಅಕ್ಕೋರಿಗೂ ಕೊಟ್ಟಳು.

"ಏನ ಮಗಳ, ಸಕ್ಕರಿ?"

"ಕೂಸು ಕೈ ಆಡಿಸ್ತ್ರಿ ಅಕ್ಕೋರ! ನನ್ನ ಕಣ್ಣಿಲೆ ನೋಡೇನಿ."

ಅಕ್ಕೋರು ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. "ಪ್ರಸಾದಕ್ಕ ಕೂಡು ಮಗಳ. ಉಣ್ಣದ ಹೋಗಬ್ಯಾಡ," ಎಂದು ಒಳಗೆ ಬಂದರು.

ಯಂತ್ರದಲ್ಲಿ ಉಳಿದಿದ್ದ ಚಿತ್ರವನ್ನು ಒಮ್ಮೆ ಓಡಿಸಿ ನೋಡಿದರು.

"ಒಂದು ಬಕೆಟ್ ನೀರು ತಾ. ಒಂದು ಗ್ಲೌಸ್ ತಾ."

ತಂದ.

"ಗ್ಲೌಸಿನ್ಯಾಗ ನೀರು ತುಂಬಿ ಬಾಯಿ ಕಟ್ಟು. ಬಕೆಟಿನ್ಯಾಗ ಬಿಡು."

ಬಿಟ್ಟ. ಅಕ್ಕೋರು ಯಂತ್ರದ ಹಿಡಿಯನ್ನು ಅವನ ಕೈಗೆ ಕೊಟ್ಟು ನೀರಿಗೆ ತಾಗಿಸಲು ಹೇಳಿದರು. ಪರದೆಯ ಮೇಲೆ ಐದು ಬೆರಳು ಮೂಡಿದವು.

"ಒತ್ತು."

ಒತ್ತಿದ. ಐದೂ ಬೆರಳು ಮೆಲ್ಲಗೆ ಆಡಿದವು.

"ಆಡ್ತೇನು?"

"ಆಡ್ತ್ರಿ."

"ಸಕ್ಕರಿ ಹಂಚೋಣೇನು?"

ಇಂದುಧರ ತಲೆ ತಗ್ಗಿಸಿದ. ಕಣ್ಣಲ್ಲಿ ನೀರು ಬಂತು.

"ಅಕಿ ಮಾರಿ ನೋಡಾಕ ಆಗಲಿಲ್ರಿ ಅಕ್ಕೋರ."

ಅಕ್ಕೋರು ಮುಷ್ಟಿ ಬಿಚ್ಚಿದರು. ಸಕ್ಕರೆ ಬೆವರಿಗೆ ಅಂಟಿಕೊಂಡಿತ್ತು. ಅದನ್ನು ಕೆರೆದು ಅವನ ಅಂಗೈಗೆ ಹಾಕಿದರು.

"ತಿನ್ನು. ನಿನ್ನ ಮಾತಿಗೆ ಕೊಟ್ಟದ್ದಿದು. ತಿಂದು ಅಕಿನ್ನ ಕರಿ."

"ನೀವ ಹೇಳ್ರಿ ಅಕ್ಕೋರ. ನೀವು ಹೇಳಿದ್ರ ತಡಕೋತಾಳ."

"ಆಸೆ ಕೊಟ್ಟಾಂವನ ಅದನ್ನ ಹಿಂದ ತಗೋಬೇಕು."

ಮಹಾನಂದಾ ಅರ್ಧ ಊಟಕ್ಕೇ ಕೈ ತೊಳೆದು ಬಂದಳು. ಇಂದುಧರ ಅವಳ ಮುಂದೆ ನಿಂತ. ಬಾಯಿ ಇನ್ನೂ ಸಿಹಿಯಾಗಿತ್ತು.

"ಮತ್ತೊಮ್ಮೆ ನೋಡಬೇಕು ತಂಗಿ. ಆಗ ಅದು ಆಡಿದ್ದು... ನಾ ಒತ್ತಿದ್ದಕ್ಕ ಆಡಿತ್ತು."

ಅವಳು ಅಕ್ಕೋರನ್ನು ನೋಡಿದಳು. ಅಕ್ಕೋರು ಕಣ್ಣು ತಪ್ಪಿಸಲಿಲ್ಲ. ಅವಳು ಹೋಗಿ ಮಂಚದ ಮೇಲೆ ಮಲಗಿದಳು.

"ಟಿವಿ ನನ್ನ ಕಡೆ ತಿರವ್ರಿ," ಎಂದಳು.

ಈ ಸಲ ಇಂದುಧರನ ಕೈ ಕಲ್ಲಾಗಿತ್ತು. ಪರದೆಯ ಮೇಲಿನ ಪುಟ್ಟ ಕೈ ಮಾತ್ರ ತುಸುವೇ ಮೇಲೆ ತೇಲಿ ಕೆಳಗಿಳಿಯಿತು.

"ನೋಡ್ರಿ! ಈಗ ನೀವು ಒತ್ತಿಲ್ಲ. ಆಡಾಕತ್ತೇತಿ!"

ಅವಳು ಅದನ್ನೇ ನೋಡಿದಳು. ಮೇಲೆ, ಕೆಳಗೆ. ಮತ್ತೆ ಮೇಲೆ, ಮತ್ತೆ ಕೆಳಗೆ. ನೋಡುತ್ತ ನೋಡುತ್ತ ಅವಳ ಮುಖ ಬಾಡಿತು.

"ಇದು ನನ್ನ ಉಸುರೇನ್ರಿ?"



ಆಗ ಮಹಾನಂದಾ ಯಾರೂ ಹೇಳದೆ ಬಾಯಿ ಬಿಗಿಹಿಡಿದು ಉಸಿರು ಕಟ್ಟಿದಳು. ಪರದೆಯ ಮೇಲಿನ ಕೈ ನಿಂತಿತು. ಎದೆಯೊಂದೇ ಬಡಿಯುತ್ತಿತ್ತು. ಅವಳ ಮುಖ ಕೆಂಪೇರಿತು, ಕುತ್ತಿಗೆಯ ನರ ಉಬ್ಬಿತು, ಕಣ್ಣು ಮಾತ್ರ ಆ ಕೈಯನ್ನು ಬಿಡಲಿಲ್ಲ. ಇನ್ನು ಆಗದು ಎನ್ನುವ ತನಕ ಹಿಡಿದು, ಕೊನೆಗೆ ಬಿಟ್ಟಳು. ಕೈ ಮತ್ತೆ ತೇಲಿತು.

"ಮುಂದರ ಆಡಬಹುದೇನ್ರಿ?"

"ಬರೇ ಪಾದ ತಿರುಗಿದ್ರ ಹುಟ್ಟಿದ ಮ್ಯಾಲೆ ಪಟ್ಟಿ ಹಾಕಿ ತಿದ್ದತಾರ, ತಂಗಿ. ಇದು ಹಂಗಲ್ಲ. ಮೈಯೆಲ್ಲಾ ಬಿಗದೇತಿ." ಇಂದುಧರ ಈ ಸಲ ಅವಳ ಮುಖ ನೋಡಿಯೇ ಹೇಳಿದ. "ದೊಡ್ಡ ಆಸ್ಪತ್ರಿಯೊಳಗೂ ತೋರಸೋಣು, ನಾನೂ ಬರ್ತೀನಿ. ಆದರ ಹಿಂತಾ ಕೂಸಿಗೆ ಹುಟ್ಟಿದ ಮ್ಯಾಲೆ ಉಸುರಾಡೂದೂ ಕಷ್ಟ. ಉಳಿಯೂ ಆಸೆ ಭಾಳ ಕಡಿಮಿ."

ಮಹಾನಂದಾ ಅಳಲಿಲ್ಲ. ಎದ್ದು ಹೊಟ್ಟೆಯ ಮೇಲಿನ ಜೆಲ್ಲನ್ನು ಸೆರಗಿನಿಂದ ಒರೆಸಿಕೊಂಡಳು. ತುದಿಯ ಗಂಟಿನಲ್ಲಿ ಇನ್ನೂ ಸ್ವಲ್ಪ ಸಕ್ಕರೆ ಉಳಿದಿತ್ತು. ಏನು ಮಾಡಬೇಕೋ ತಿಳಿಯದೆ ಅದನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡಳು.

ಹೊರಗೆ ಸಾಲಿನಲ್ಲಿದ್ದ ಹೆಂಗಸರು, "ಚಂದಾಗಿ ಹಡದು ಬಾರವ್ವಾ" ಎಂದು ಹರಸಿದರು. ಅವರಿಗೇನು ಗೊತ್ತು. ಅವಳು ಎಲ್ಲರಿಗೂ ಹೂಂ ಅಂದಳು.

ಸಂಜೆ ಇಂದುಧರ ಹೊಳೆಯ ದಂಡೆಯಲ್ಲಿ ಕೂತು ಕೈ ತೊಳೆಯುತ್ತಿದ್ದ. ತೊಳೆದ ಕೈಯನ್ನೇ ಮತ್ತೆ ತೊಳೆಯುತ್ತಿದ್ದ. ಅಕ್ಕೋರು ಬಂದು ಪಕ್ಕದಲ್ಲಿ ನಿಂತರು.

"ನಾ ಈ ಕೆಲಸಕ್ಕ ಲಾಯಕ್ ಅಲ್ರಿ ಅಕ್ಕೋರ," ಎಂದ. "ಮೋಸ ಮಾಡಬೇಕಂತ ಒತ್ತಲಿಲ್ಲ. ಹ್ಯಾಂಗರ ಆಡಲಿ ಅಂತ ಭಾಳ ಆಸೆ ಆತು. ಅದಕ್ಕ ಒತ್ತಿದೆ."

ಅಕ್ಕೋರು ಆಚೆ ದಡದ ಕಡೆ ನೋಡುತ್ತಿದ್ದರು.

"ಆಸೆ ಅಕಿಗೆ ನಿನಗಿಂತ ಹೆಚ್ಚಿತ್ತು ತಮ್ಮಾ. ಆದರೂ ಅಕಿ ಉಸುರು ಹಿಡದ್ಲು."