ಕದಲದ ಅಲಗು

"ಬುದ್ಧಿ, ಒಬ್ಬನನ್ನು ಎಷ್ಟು ತಿದ್ದಿದರೆ ಅವನು ನೆಟ್ಟಗಾಗುತ್ತಾನೆ?"

ಹೀಗೆ ಕೇಳಿದವನು ಈರಭದ್ರ. ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವನು. ವಾರಕ್ಕೊಮ್ಮೆ ಮಠಕ್ಕೆ ಬಂದು ಗುರುಗಳ ಹತ್ತಿರ ಒಂದು ಗಳಿಗೆ ಕುಳಿತು ಹೋಗುವುದು ಅವನ ರೂಢಿ. ಅಂದು ಅವನ ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ ಇತ್ತು.

"ಯಾರನ್ನು ತಿದ್ದಬೇಕು?" ಎಂದರು ಗುರುಗಳು.

"ನನ್ನ ತಮ್ಮನನ್ನು. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಅಂದಿನಿಂದ ತಿದ್ದುತ್ತಲೇ ಇದ್ದೇನೆ. ಕತ್ತರಿಯನ್ನು ತೆಗೆದ ಜಾಗದಲ್ಲಿ ಇಡುತ್ತಿರಲಿಲ್ಲ. ಗಿರಾಕಿಗಳ ಜೊತೆ ನಗುತ್ತ ಕೂರುತ್ತಿದ್ದ. ಅಂಗಡಿಯ ಬಾಗಿಲು ತೆಗೆಯುವುದು ತಡ. ಎಲ್ಲವನ್ನೂ ಈ ಹಾಳೆಯಲ್ಲಿ ಬರೆದಿದ್ದೇನೆ, ಹದಿನೇಳು ಇವೆ. ಮೊದಲು ಎದುರಾಡುತ್ತಿದ್ದ. ಈಗ ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತಾನೆ, ಆದರೆ ನನ್ನ ಜೊತೆ ಮಾತಿಲ್ಲ. ಸೋಮವಾರ ಬೇರೆ ಊರಿಗೆ ಹೋಗಿ ಬೇರೆ ಅಂಗಡಿ ಸೇರುತ್ತೇನೆ ಎಂದು ತನ್ನ ಹೆಂಡತಿಯ ಕೈಯಲ್ಲಿ ಹೇಳಿ ಕಳಿಸಿದ್ದಾನೆ. ಇರುವುದು ಒಂದೇ ಮನೆಯಲ್ಲಿ ಬುದ್ಧಿ."

"ಹಾಳೆಯಲ್ಲಿ ಇನ್ನೂ ಜಾಗ ಇದೆಯೇ?"

"ಹಿಂಬದಿ ಖಾಲಿ ಇದೆ."

"ಇರಲಿ. ಅದನ್ನು ಮಡಿಸಿಟ್ಟು ಇದನ್ನು ಕೇಳು" ಎಂದು ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಅಚ್ಚುಕೂಟವಿತ್ತು. ಅಲ್ಲಿ ಬಹಳ ಕಾಲ ಒಬ್ಬ ಮುದುಕ ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಆರಿಸಿ, ಕೈಯಲ್ಲೇ ಸಾಲು ಕಟ್ಟುತ್ತಿದ್ದ. ಆಮೇಲೆ ಅಲ್ಲಿಗೆ ಒಂದು ಯಂತ್ರ ಬಂತು. ಅದರ ಮುಂದೆ ಕುಳಿತು ಅಕ್ಷರದ ಗುಂಡಿಗಳನ್ನು ಒತ್ತಿದರೆ ಸಾಕು. ಕಾದ ಸೀಸ ಅಚ್ಚಿನೊಳಗೆ ಹರಿದು, ಇಡೀ ಸಾಲು ಒಂದೇ ಪಟ್ಟಿಯಾಗಿ ಹೊರಗೆ ಬರುತ್ತಿತ್ತು. ಬರುವ ದಾರಿಯಲ್ಲಿ ಎರಡು ಅಲಗುಗಳಿದ್ದವು, ಎಡಕ್ಕೊಂದು, ಬಲಕ್ಕೊಂದು. ಪಟ್ಟಿ ಅವುಗಳ ನಡುವೆ ನುಸುಳುವಾಗ ಎರಡು ಮಗ್ಗುಲಿನ ಹೆಚ್ಚಿನ ಸೀಸ ಹೆರೆದುಹೋಗಿ, ಪಟ್ಟಿ ಅಳತೆಗೆ ಬರುತ್ತಿತ್ತು.

ಬಲಗಡೆಯ ಅಲಗಿಗೆ ತಿರುಪುಗಳಿದ್ದವು. ಅವನ್ನು ತಿರುಗಿಸಿ ಅಲಗನ್ನು ಹತ್ತಿರಕ್ಕೆ ತರಬಹುದಿತ್ತು, ದೂರಕ್ಕೆ ಸರಿಸಬಹುದಿತ್ತು. ಎಡಗಡೆಯದಕ್ಕೆ ತಿರುಪಿರಲಿಲ್ಲ. ಯಂತ್ರ ಮಾಡಿದವರೇ ಅದನ್ನು ಬಿಚ್ಚಲಾಗದಂತೆ ಮೂರು ರಿವೆಟ್ಟು ಬಡಿದು ಕೂರಿಸಿದ್ದರು. ಆಯುಧಪೂಜೆಯ ದಿನ ಕುಂಕುಮವೂ ಹೂವೂ ಏರುತ್ತಿದ್ದುದು ಈ ಎಡಗಡೆಯ ಅಲಗಿಗೇ. ಕದಲುವುದರ ಮೇಲೆ ಹೂವು ನಿಲ್ಲುವುದಿಲ್ಲ ಎನ್ನುತ್ತಿದ್ದರು. ವರ್ಷಗಳ ಕುಂಕುಮ ಎಣ್ಣೆಯಲ್ಲಿ ಕಲೆತು ರಿವೆಟ್ಟುಗಳ ತಲೆಯೇ ಮುಚ್ಚಿಹೋಗಿತ್ತು. ಆ ಅಲಗಿಗೆ ಯಾರೂ ಉಪಕರಣ ಮುಟ್ಟಿಸಿದವರಲ್ಲ.

ಯಂತ್ರವನ್ನು ನೋಡಿಕೊಳ್ಳಲು ಒಬ್ಬ ಮೇಸ್ತ್ರಿ ಇದ್ದ. ಕೆಲಸ ಬಲ್ಲವನು, ಶ್ರದ್ಧೆಯವನು. ಯಂತ್ರ ಬಂದ ದಿನ ಅವನು ಮುದುಕನಿಗೆ, "ಅಜ್ಜ, ಇನ್ನು ನಿಮ್ಮ ಬೆರಳಿಗೆ ರಜೆ" ಎಂದಿದ್ದ.

"ಬೆನ್ನಿಗೂ ಕೊಡಿಸಪ್ಪ, ಅದು ಬೆರಳಿಗಿಂತ ಹೆಚ್ಚು ದುಡಿದಿದೆ" ಎಂದಿದ್ದ ಮುದುಕ. ಕಲ್ಲಿನ ಮೇಜಿಗೆ ಬಗ್ಗಿ ಬಗ್ಗಿ ಅವನ ಬೆನ್ನು ಬಾಗಿತ್ತು.

ಅಚ್ಚುಕೂಟದ ಯಜಮಾನ ಮುದುಕನನ್ನು ಕೆಲಸದಿಂದ ಬಿಡಿಸಲಿಲ್ಲ. ಯಂತ್ರದಲ್ಲಿ ದೊಡ್ಡ ಅಕ್ಷರಗಳಿರಲಿಲ್ಲ. ತಲೆಬರಹಗಳನ್ನೂ ಪುಟಗಳನ್ನೂ ಕಟ್ಟಲು ಅವನನ್ನು ಉಳಿಸಿಕೊಂಡ.

ಕೆಲವು ವರ್ಷ ಯಂತ್ರ ನಡೆಯಿತು. ಬರುತ್ತಿದ್ದುದು ಲಗ್ನಪತ್ರಿಕೆ, ಕರಪತ್ರ, ರಸೀದಿ. ನಾಲ್ಕಾರು ಸಾಲಿನ ಕೆಲಸ. ಯಾರಿಗೂ ಯಾವ ಕೊರತೆಯೂ ಕಾಣಲಿಲ್ಲ.

ಆ ಊರಿನ ಒಬ್ಬ ವರ್ತಕನ ಹೆಂಡತಿ ತೀರಿಕೊಂಡಿದ್ದಳು. ಅವಳು ಬೀಸುವಾಗ, ತೊಟ್ಟಿಲು ತೂಗುವಾಗ ಹೇಳುತ್ತಿದ್ದ ಹಾಡುಗಳನ್ನು ಅವನು ಅವಳ ತಂಗಿಯಿಂದ ಹೇಳಿಸಿ ಬರೆದುಕೊಂಡಿದ್ದ. ವರ್ಷದ ತಿಥಿಗೆ ಊಟಕ್ಕೆ ಬಂದವರಿಗೆಲ್ಲ ಒಂದೊಂದು ಪುಸ್ತಕ ಕೊಡಬೇಕು ಎಂಬುದು ಅವನ ಆಸೆ. ತಿಥಿಗೆ ಒಂದು ತಿಂಗಳಿತ್ತು. ಆಗುತ್ತದೆಯೇ ಎಂದು ಅವನು ಯಜಮಾನನನ್ನು ಕೇಳಿದ. ಯಜಮಾನ ಬಾಯಿ ತೆರೆಯುವ ಮೊದಲೇ, "ಇಪ್ಪತ್ತು ದಿನ ಸಾಕು" ಎಂದು ಮೇಸ್ತ್ರಿ ಮಾತು ಕೊಟ್ಟ.

ಮೊದಲ ಪುಟದ ಮೂವತ್ತು ಸಾಲುಗಳನ್ನು ಜೋಡಿಸಿ ಚೌಕಟ್ಟಿಗೆ ಇಟ್ಟರು. ಸಾಲುಗಳು ವಾಲಿದವು, ಕಪಾಟಿನಲ್ಲಿ ಒಂದಕ್ಕೊಂದು ಒರಗಿದ ಪುಸ್ತಕಗಳ ಹಾಗೆ. ಬಿಗಿದಷ್ಟೂ ವಾಲಿದವು. ಅಚ್ಚು ತೆಗೆದಾಗ ಪ್ರತಿ ಅಕ್ಷರದ ತಲೆ ಕಪ್ಪಾಗಿ, ಬುಡ ಮಸುಕಾಗಿ ಮೂಡಿತ್ತು.

ವರ್ತಕ ಕರಡನ್ನು ಕಿಟಕಿಯ ಬಳಿ ಹಿಡಿದು ನೋಡಿದ. "ಅವಳು ಅರ್ಧ ದನಿಯಲ್ಲಿ ಹಾಡಿದವಳಲ್ಲ" ಎಂದ. ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೋದ. ಬೈದು ಹೋಗಿದ್ದರೆ ಮೇಸ್ತ್ರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮೇಸ್ತ್ರಿ ಬಲಗಡೆಯ ಅಲಗನ್ನು ಬಿಚ್ಚಿ ಸಾಣೆ ಹಿಡಿದ. ಪಟ್ಟಿಗಳ ಮಗ್ಗುಲು ಕನ್ನಡಿಯಂತಾಯಿತು. ಪುಟ ವಾಲಿತು. ಅಲಗನ್ನೇ ಬದಲಿಸಿ, ಇನ್ನೂ ಗಟ್ಟಿಯಾದ ಉಕ್ಕಿನದನ್ನು ಹಾಕಿದ. ಪುಟ ವಾಲಿತು. ತಿರುಪುಗಳನ್ನು ತೆಗೆದು, ಒತ್ತೊತ್ತಾದ ಸುತ್ತುಗೆರೆಗಳ ಹೊಸ ತಿರುಪುಗಳನ್ನು ತಾನೇ ಕಡೆದ. ಈಗ ಒಂದು ಇಡೀ ಸುತ್ತು ತಿರುಗಿಸಿದರೂ ಅಲಗು ಕೂದಲೆಳೆಯಷ್ಟೇ ಸರಿಯುತ್ತಿತ್ತು. ಎರಡು ಅಲಗುಗಳ ನಡುವೆ ಒಂದು ಪಟ್ಟಿಯನ್ನಿಟ್ಟು, ಸಂದಿಗೆ ತೆಳುವಾದ ಕಾಗದ ತೂರಿಸಿ ಎಳೆದು ನೋಡಿದ. ಮೇಲೆ, ಕೆಳಗೆ, ನಡುವೆ, ಎಲ್ಲ ಕಡೆಯೂ ಒಂದೇ ಹಿಡಿತ. ಪಟ್ಟಿಯ ದಪ್ಪವನ್ನು ತಲೆಯಲ್ಲಿ ಅಳೆದ, ಬುಡದಲ್ಲಿ ಅಳೆದ, ಎರಡು ತುದಿಗಳಲ್ಲಿ ಅಳೆದ. ಎಲ್ಲವೂ ಒಂದೇ. ಪುಟ ಮಾತ್ರ ವಾಲಿತು.

ಇಲ್ಲಿ ಈರಭದ್ರ ಸುಮ್ಮನಿರಲಾರದೆ, "ಮೇಸ್ತ್ರಿ ಮಾಡಿದ್ದೆಲ್ಲ ಸರಿಯಾಗಿಯೇ ಇದೆಯಲ್ಲ ಬುದ್ಧಿ" ಎಂದ. ಬಟ್ಟೆ ಅಳೆದು ಬದುಕುವವನಿಗೆ ಅಷ್ಟು ಅಳೆದವನ ಮೇಲೆ ಅಭಿಮಾನ ಬಂದಿತ್ತು.

"ಸರಿಯಾಗಿಯೇ ಮಾಡಿದ" ಎಂದರು ಗುರುಗಳು. "ಕೇಳು."

ಹೀಗೆ ಹತ್ತೊಂಬತ್ತು ದಿನ ಕಳೆಯಿತು. ಮೇಸ್ತ್ರಿ ಸೀಸವನ್ನು ಸಂಶಯಿಸಿದ. ಬೇರೆ ಸೀಸ ಕರಗಿಸಿದ. ಬಿಸಿಯನ್ನು ಸಂಶಯಿಸಿದ, ಉರಿ ತಗ್ಗಿಸಿದ. ಕೊನೆಗೆ ಪುಟ ಕಟ್ಟುತ್ತಿದ್ದ ಮುದುಕನ ಕೈಯನ್ನೇ ಸಂಶಯಿಸಿದ. ಆದರೆ ಬಾಯಿಬಿಟ್ಟು ಹೇಳಲಿಲ್ಲ.

ಇಪ್ಪತ್ತನೆಯ ದಿನ ಮುದುಕ ಪುಸ್ತಕದ ಮೊದಲ ಪುಟಕ್ಕೆ ತಲೆಬರಹ ಕಟ್ಟಿದ. ಅದು ವರ್ತಕನ ಹೆಂಡತಿಯ ಹೆಸರು. ದೊಡ್ಡ ಮೊಳೆಗಳನ್ನು ಆರಿಸಿ, ಒರೆಸಿ, ಸಾಲು ಮಾಡಿ, ಯಂತ್ರದ ಪಟ್ಟಿಗಳ ಮೇಲುಗಡೆ ಇಟ್ಟ. ಹೆಸರಿಗೂ ಅದರ ಕೆಳಗಿನ ಮೊದಲ ಪಟ್ಟಿಗೂ ನಡುವೆ ಸಂದು ಬಿತ್ತು. ಬುಡದಲ್ಲಿ ಕೂಡಿತ್ತು, ತಲೆಯಲ್ಲಿ ಬಿಟ್ಟಿತ್ತು.

"ಅಜ್ಜ, ನಿಮ್ಮ ಸಾಲು ಡೊಂಕು" ಎಂದ ಮೇಸ್ತ್ರಿ. "ನನ್ನದಕ್ಕೆ ಹೊಂದುತ್ತಿಲ್ಲ."

"ಡೊಂಕಾಗಿರುವುದು ನನ್ನ ಬೆನ್ನು ಕಣಪ್ಪ. ಆದರೂ ನೋಡೋಣ, ವಯಸ್ಸಾದವನ ಕೆಲಸ, ಹೇಳಲಾಗದು."

ಮುದುಕ ಹೆಸರಿನ ಮೊದಲ ಮೊಳೆಯನ್ನು ಹೊರಗೆ ತೆಗೆದ. ಪುಟ ಕಟ್ಟುವ ಕಲ್ಲಿನ ಒಂದು ಮೂಲೆಯನ್ನು ಅಂಗೈಯಿಂದ ಒರೆಸಿ, ಮೊಳೆಯನ್ನು ಅಲ್ಲಿ ಒಂಟಿಯಾಗಿ ನಿಲ್ಲಿಸಿದ. ಅದು ನೆಟ್ಟಗೆ ನಿಂತಿತು. ಅದರ ಪಕ್ಕಕ್ಕೆ ಯಂತ್ರದ ಒಂದು ಪಟ್ಟಿಯನ್ನು ತಂದು ನಿಲ್ಲಿಸಿದ. ಇಬ್ಬರೂ ಬಗ್ಗಿ, ಕಿಟಕಿಯ ಬೆಳಕಿಗೆ ಎದುರಾಗಿ ಅವೆರಡರ ನಡುವೆ ನೋಡಿದರು. ಬುಡದಲ್ಲಿ ಎರಡೂ ತಾಗಿದ್ದವು. ತಲೆಯಲ್ಲಿ ಅವುಗಳ ನಡುವೆ ಒಂದು ಎಳೆ ಬೆಳಕು ಇತ್ತು. ಮುದುಕ ಪಟ್ಟಿಯನ್ನು ತಿರುಗಿಸಿ ನಿಲ್ಲಿಸಿದ. ಈಗ ತಲೆ ತಾಗಿತು, ಬೆಳಕು ಬುಡಕ್ಕೆ ಬಂತು.

ಮೇಸ್ತ್ರಿ ತಾನೇ ಪಟ್ಟಿಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದ. ಆ ಪಟ್ಟಿಗಳ ದಪ್ಪವನ್ನು ಅವನು ನೂರು ಸಲ ಅಳೆದಿದ್ದ. ಒಂದನ್ನಾದರೂ ಒಂಟಿಯಾಗಿ ನಿಲ್ಲಿಸಿ ನೋಡಿರಲಿಲ್ಲ. ಅಳತೆಯ ಉಪಕರಣ ದಪ್ಪ ಎಷ್ಟು ಎಂದು ಹೇಳುತ್ತದೆ. ಹೇಗೆ ನಿಂತಿದೆ ಎಂದು ಹೇಳುವುದಿಲ್ಲ.

ಅವನು ಎದ್ದು ಯಂತ್ರದ ಬಳಿಗೆ ಹೋದ. ಎಣ್ಣೆಬಟ್ಟೆಯಿಂದ ಎಡಗಡೆಯ ಅಲಗಿನ ಕುಂಕುಮವನ್ನು ಒರೆಸಿದ. ನೆಟ್ಟಗಿದೆಯೇ ಎಂದು ನೋಡುವ ಮೂಲೆಮಟ್ಟವನ್ನು ತಂದು ಅದಕ್ಕೆ ಹಿಡಿದ. ಅಲಗು ವಾಲಿತ್ತು. ಎಷ್ಟೆಂದರೆ ಒಂದು ಕೂದಲೆಳೆ. ಯಾರೋ ಕೆಡಿಸಿದ್ದಲ್ಲ. ದಿನವೂ ಅದರ ಮಗ್ಗುಲಲ್ಲಿ ಕಾದ ಸೀಸ ಹಾಯುತ್ತದೆ. ವರ್ಷಗಳ ಬಿಸಿಗೆ ಅದು ಕುಳಿತ ನೆಲೆ ಒಂದಿಷ್ಟು ಜಗ್ಗಿತ್ತು. ಅವನು ಬಲಗಡೆಯ ಅಲಗನ್ನು ಪ್ರತಿ ಸಲವೂ ಇದಕ್ಕೆ ಹೊಂದಿಸಿದ್ದ. ಪ್ರತಿ ಸಲವೂ ಹಿಂದಿಗಿಂತ ಚೆನ್ನಾಗಿ ಹೊಂದಿಸಿದ್ದ. ಎರಡು ಅಲಗುಗಳೂ ಒಂದಕ್ಕೊಂದು ಸರಿಯಾಗಿದ್ದವು. ಎರಡೂ ಸರಿಯಾಗಿ ವಾಲಿದ್ದವು. ಬಲಗಡೆಯದು ಹೇಳಿದ್ದನ್ನು ಹೇಳಿದಂತೆಯೇ ಮಾಡಿತ್ತು.

ಉಳಿದದ್ದು ಹತ್ತು ದಿನ. ಮೇಸ್ತ್ರಿ ಉಳಿಯನ್ನೂ ಸುತ್ತಿಗೆಯನ್ನೂ ತೆಗೆದುಕೊಂಡು ರಿವೆಟ್ಟುಗಳ ತಲೆ ಹಾರಿಸತೊಡಗಿದ. ಸದ್ದು ಕೇಳಿ ಯಜಮಾನ ಓಡಿ ಬಂದ.

"ಏನು ಮಾಡುತ್ತಿದ್ದೀಯ ಮೇಸ್ತ್ರಿ? ಅದೊಂದು ಕದಲದೆ ಇರುವುದರಿಂದಲೇ ಇಷ್ಟು ವರ್ಷ ಯಂತ್ರ ನಡೆದದ್ದು."

"ಇದಕ್ಕೂ ತಿರುಪು ಹಾಕುತ್ತೇನೆ ಯಜಮಾನರೇ."

"ಎರಡೂ ಕದಲಿದರೆ ನಾವು ನಂಬುವುದು ಯಾವುದನ್ನು?"

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟ. ಅದು ನ್ಯಾಯವಾದ ಪ್ರಶ್ನೆ ಎಂದು ಅವನಿಗೂ ಅನ್ನಿಸಿತು. "ಕಲ್ಲನ್ನು ನಂಬೋಣ" ಎಂದ. "ದಿನಾ ಬೆಳಿಗ್ಗೆ ಮೊದಲ ಪಟ್ಟಿಯನ್ನು ಕಲ್ಲಿನ ಮೇಲೆ ಒಂಟಿಯಾಗಿ ನಿಲ್ಲಿಸಿ ನೋಡೋಣ. ವಾಲಿದರೆ ಮೊದಲು ಎಡಗಡೆಯದನ್ನು ನೋಡೋಣ. ಆಮೇಲೆ ಬಲಗಡೆಯದು."

ರಿವೆಟ್ಟಿನ ದುಂಡು ತೂತುಗಳನ್ನು ಅವನು ಅಲಗು ಸರಿಯಲು ಜಾಗವಾಗುವಂತೆ ಅರದಿಂದ ಉಜ್ಜಿ ಉದ್ದ ಮಾಡಿದ. ತಿರುಪುಗಳನ್ನು ಕೂರಿಸಿದ. ಎಡಗಡೆಯ ಅಲಗನ್ನು ಮೂಲೆಮಟ್ಟಕ್ಕೆ ತಂದ, ಬಲಗಡೆಯದನ್ನು ಅದಕ್ಕೆ ಹೊಂದಿಸಿದ. ಎರಡು ದಿನ ಹಿಡಿಯಿತು. ಮೂರನೆಯ ಬೆಳಿಗ್ಗೆ ಹೊರಗೆ ಬಂದ ಮೊದಲ ಪಟ್ಟಿಯನ್ನು, ಕೈ ಸುಡುತ್ತಿದ್ದರೂ, ತಾನೇ ಒಯ್ದು ಮುದುಕನ ಮೊಳೆಯ ಪಕ್ಕದಲ್ಲಿ ನಿಲ್ಲಿಸಿದ. ತಲೆಯಿಂದ ಬುಡದವರೆಗೆ ಬೆಳಕು ನುಸುಳಲಿಲ್ಲ.

"ಉಳಿದ ಒಂದು ತಿರುಪನ್ನು ನನ್ನ ಬೆನ್ನಿಗೆ ಹಾಕಿಬಿಡು" ಎಂದ ಮುದುಕ.

ತಿಥಿಯ ಹಿಂದಿನ ದಿನ ಪುಸ್ತಕಗಳು ಸಿದ್ಧವಾದವು. ವರ್ತಕ ಬಂದು ಒಂದನ್ನು ಬಿಡಿಸಿದ. ಹೆಂಡತಿಯ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದ. ನಿಂತಲ್ಲೇ ಒಂದು ತೊಟ್ಟಿಲ ಹಾಡನ್ನು ಕೊನೆಯವರೆಗೂ ಓದಿದ. ಮೇಸ್ತ್ರಿ ಅವನ ಮುಖವನ್ನು ನೋಡುತ್ತಿದ್ದ. ವರ್ತಕ ಪುಸ್ತಕ ಮುಚ್ಚಿದ. ಕಟ್ಟುಗಳನ್ನು ಆಳಿನ ಕೈಗೆ ಕೊಡದೆ, ಒಂದೊಂದಾಗಿ ತಾನೇ ಎತ್ತಿಕೊಂಡು ಹೋಗಿ ಗಾಡಿಯಲ್ಲಿಟ್ಟ.

ಅಂದಿನಿಂದ ಆ ಅಚ್ಚುಕೂಟದಲ್ಲಿ ದಿನದ ಮೊದಲ ಪಟ್ಟಿ ಕಲ್ಲಿನ ಮೇಲೆ ನಿಲ್ಲದೆ ಕೆಲಸ ಶುರುವಾಗುತ್ತಿರಲಿಲ್ಲ. ಆಯುಧಪೂಜೆಗೆ ಎರಡು ಅಲಗಿಗೂ ಕುಂಕುಮ ಇಟ್ಟರು, ಮರುದಿನ ಎರಡನ್ನೂ ಒರೆಸಿದರು.

ಗುರುಗಳು ಕತೆ ನಿಲ್ಲಿಸಿದರು. ಅಪ್ಪ ಇದ್ದಾಗ ಕತ್ತರಿ ಎಲ್ಲಿರುತ್ತಿತ್ತು ಎಂದು ಈರಭದ್ರ ನೆನಪಿಸಿಕೊಂಡ. ಅದು ಒಂದು ದಿನ ಇದ್ದಲ್ಲಿ ಇನ್ನೊಂದು ದಿನ ಇರುತ್ತಿರಲಿಲ್ಲ. ಗಿರಾಕಿಗಳ ಜೊತೆ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ಅಪ್ಪನೇ. ಅಪ್ಪ ಹೋದ ಮೇಲೆ ಅಂಗಡಿಯಲ್ಲಿ ಯಾರಾದರೂ ನಕ್ಕರೆ ಈರಭದ್ರನಿಗೆ ತಡೆಯಲಾಗುತ್ತಿರಲಿಲ್ಲ.

ಅವನು ಹಾಳೆಯನ್ನು ತೆಗೆದು, ಮಡಿಕೆ ಮಡಿಕೆಗೂ ಸರಿಯಾಗಿ ನಾಲ್ಕು ಚೂರು ಮಾಡಿದ.

"ಅರ್ಥವಾಯಿತು ಬುದ್ಧಿ. ಸೋಮವಾರಕ್ಕೆ ಇನ್ನೂ ಮೂರು ದಿನವಿದೆ. ಈ ಕತೆಯನ್ನೇ ಒಂದು ಮಾತೂ ತಪ್ಪದಂತೆ ಬರೆದು ತಮ್ಮನ ಕೈಗೆ ಕೊಡುತ್ತೇನೆ. ಓದಿದರೆ ಅವನು ಸರಿಹೋಗುತ್ತಾನೆ."

ಗುರುಗಳು ಹಾಳೆಯ ಚೂರುಗಳನ್ನು ನೋಡಿದರು, ಆಮೇಲೆ ಅವನನ್ನು ನೋಡಿದರು.

"ಈರಭದ್ರ, ನಿನ್ನ ಕೈ ಈಗಲೂ ಬಲಗಡೆಯ ತಿರುಪಿನ ಮೇಲೆಯೇ ಇದೆಯಲ್ಲಪ್ಪ."