ಹುಳುವಿನೊಳಗೆ ಹರಿದ ಓಲೆ

ನೂಲಾವತಿ ಪಟ್ಟಣದಲ್ಲಿ ಡಂಗುರ ಹೊಡೆಸಿದರು: “ರೇಷ್ಮೆಹುಳುವಿನ ಗ್ರಂಥದ ಮೇಲೆ ರಾಜಕುಮಾರಿ ಪದ್ಮಲೆ ಮೂರು ಒಗಟು ಕೇಳುತ್ತಾಳೆ. ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ. ತಪ್ಪಿದವನಿಗೆ ಶೂಲ.”

ಗ್ರಂಥ ಯಾರದು? ನನ್ನದು, ಪಂಡಿತ ಭಾನುಕೀರ್ತಿಯದು. ಬೆನ್ನೆಲುಬಿಲ್ಲದ ಹುಳುವಿಗೆ ಔಷಧ ತಿನ್ನಿಸಿ, ಅದರ ಮೈಯೊಳಗಿನ ಕೆಟ್ಟ ವಂಶವಾಹಿಯ ಬಾಯಿ ಕಟ್ಟುವ ವಿದ್ಯೆಯನ್ನು ಕಂಡುಹಿಡಿದವನೇ ನಾನು. ಅದನ್ನು ಓದಿದ ಸಾಕಣೆಗಾರರು ಹುಳುವಿನ ವಂಶವೇ ಕೆಟ್ಟಿತೆಂದು ಹೆದರಿ ಮೊಟ್ಟೆಗಳನ್ನೆಲ್ಲ ಸುಟ್ಟರಂತೆ. ಅದಕ್ಕೆ ನಾನೇನು ಮಾಡಲಿ? ಪದ್ಮಲೆ ನನಗೇ ಸಿಗುತ್ತಾಳೆಂದು ಬೀಗುತ್ತ ಸಭೆಗೆ ಹೋದೆ.

“ಪಾಯಸ ಮಾಡೆಂಬ ಅಪ್ಪಣೆ ಅರಮನೆಯ ತಾಮ್ರಪಟದಲ್ಲಿ ಅಳಿಯದೆ ಇದೆ. ಬಾಣಸಿಗ ಗಟ್ಟಿಮುಟ್ಟಾಗಿದ್ದಾನೆ. ಆದರೂ ಪಾಯಸವಿಲ್ಲ. ಏಕೆ?” ಎಂದಳು ಪದ್ಮಲೆ.

ರಾಜವೈದ್ಯ “ಬೆಲ್ಲ ಮುಗಿದಿದೆ” ಎಂದ. ಅವನನ್ನು ಶೂಲದ ಬಳಿ ನಿಲ್ಲಿಸಿದರು. ನಾನು ಎದ್ದು, “ಅನುಲೇಖನೋತ್ತರ ಪ್ರತಿಬಂಧದಿಂದ ಅಭಿವ್ಯಕ್ತಿಯ ಅಭಾವ ಸಂಭವಿಸಿದೆ” ಎಂದೆ.

“ಏನೂ ತಿಳಿಯಲಿಲ್ಲ” ಎಂದಳು. ನನ್ನನ್ನೂ ವೈದ್ಯನ ಪಕ್ಕಕ್ಕೆ ದೂಡಿದರು.

ಆಮೇಲೆ ಬಂದವನು ಬೊಮ್ಮ, ಹುಳುಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕುವವನು. ಅಂಗಿಯ ತುಂಬ ಸೊಪ್ಪಿನ ಕರೆ. ಅವನನ್ನು ನೋಡಿ ಪದ್ಮಲೆ ನಕ್ಕಳು. ನನ್ನನ್ನು ನೋಡಿ ಒಮ್ಮೆಯಾದರೂ ನಕ್ಕಿದ್ದಳೇ? ಶೂಲದ ಬಳಿ ನಿಂತಿದ್ದರೂ ನನಗೆ ಹೊಟ್ಟೆ ಉರಿಯಿತು.

“ನನಗೆ ಗೊತ್ತಿಲ್ಲ ಅಮ್ಮಣ್ಣಿ. ಬರೆದವರನ್ನೇ ಕೇಳಲೇ?” ಎಂದವನು ನನ್ನ ಬಳಿ ಬಂದ. “ಸ್ವಾಮಿ, ಹುಳುವಿನೊಳಗೆ ಹಾಳಾಗುವುದು ಯಾವುದು?”

“ವಂಶವಾಹಿಯಲ್ಲ ಕಣೋ, ಅದು ಬರೆದು ಕಳಿಸಿದ ಓಲೆ” ಎಂದು ಸಿಡುಕಿದೆ.

ಅವನು ಸಭೆಯತ್ತ ತಿರುಗಿದ. “ತಾಮ್ರಪಟ ನೋಡಿ ಬರೆದ ಓಲೆಯನ್ನು ದಾರಿಯಲ್ಲೇ ಹರಿದಿದ್ದಾರೆ. ಅಡುಗೆಮನೆಗೆ ಸುದ್ದಿಯೇ ಮುಟ್ಟಿಲ್ಲ.”

ಪದ್ಮಲೆ ಒಪ್ಪಿದಳು. “ಹರಿದವನು ಓದು ಬಾರದ ಕಾವಲುಗಾರ. ಅಷ್ಟೊಂದು ಓಲೆಗಳಲ್ಲಿ ಅದೊಂದನ್ನೇ ಹೇಗೆ ಹುಡುಕಿದ?”

ಬೊಮ್ಮ ಮತ್ತೆ ನನ್ನ ಮುಖ ನೋಡಿದ. “ಔಷಧವೆಂದರೆ ಆ ಓಲೆಯದೇ ಅಚ್ಚು. ಅದರ ತುಂಡಿಗೆ ಹೊಂದಿದ್ದನ್ನು ಹುಳುವಿನ ಮೈಯೊಳಗಿನ ಕಾವಲುಗಾರ ಹರಿಯುತ್ತಾನೆ. ಇಷ್ಟೂ ತಿಳಿಯದೇ?” ಎಂದೆ.

“ಕಾವಲುಗಾರ ಓದುವುದಿಲ್ಲ. ಅವನ ಕೈಲಿ ಅಚ್ಚಿನ ತುಂಡಿದೆ. ಪ್ರತಿ ಓಲೆಯ ಮೇಲೂ ಇಟ್ಟು ನೋಡುತ್ತಾನೆ, ಸರಿಯಾಗಿ ಕೂತದ್ದನ್ನು ಹರಿಯುತ್ತಾನೆ” ಎಂದ ಬೊಮ್ಮ. ಸಭೆ ತಲೆದೂಗಿತು. ಮಾತು ನನ್ನದು, ತಲೆದೂಗಿದ್ದು ಅವನಿಗೆ!

ಮೂರನೆಯದು ಬಂತು. “ಒಂದು ದೀಪವಿದೆ. ಹಚ್ಚಿದವನಿಗೆ ಮಾತ್ರ ಬೆಳಕು, ಬಂದವರಿಗೆಲ್ಲ ಕತ್ತಲೆ. ಅದು ಯಾವುದು?”

ಈ ಸಲ ಅವನು ನನ್ನತ್ತ ನೋಡಲಿಲ್ಲ. ತಲೆ ತಗ್ಗಿಸಿ, “ಇವರ ಗ್ರಂಥ. ಬೆಳಕು ಇದೆ ಅಮ್ಮಣ್ಣಿ, ನಾನು ಹೇಳಿದ್ದೆಲ್ಲ ಇವರದೇ. ತಿದ್ದಿ ಬರೆದರೆ ಎಲ್ಲರಿಗೂ ಕಾಣುತ್ತದೆ. ಇವರಿಬ್ಬರನ್ನೂ ಬಿಟ್ಟುಬಿಡಿ” ಎಂದ.

ರಾಜ ಮೂರೂ ಉತ್ತರಗಳನ್ನು ಒಪ್ಪಿ ನಮ್ಮನ್ನು ಬಿಡಿಸಿದ. ಬೊಮ್ಮನಿಗೂ ಪದ್ಮಲೆಗೂ ಮದುವೆಯಾಯಿತು. ನಾನು ಮದುವೆಯೂಟಕ್ಕೆ ಹೋಗಲಿಲ್ಲ.

ಆಮೇಲೆ ಬೊಮ್ಮ ನನ್ನ ಗ್ರಂಥವನ್ನು ತಿದ್ದಿದ. ಮೊದಲ ಸಾಲೇ ಹೀಗಿದೆ: “ವಂಶವಾಹಿಗೆ ಏನೂ ಆಗುವುದಿಲ್ಲ, ಮೊಟ್ಟೆ ಸುಡಬೇಡಿ.” ಕೆಳಗೆ ತನ್ನ ಹೆಸರು ಹಾಕಲಿಲ್ಲ, ನನ್ನದನ್ನೇ ಹಾಕಿದ.

ಈಗ ಸಾಕಣೆಗಾರರು ದಾರಿಯಲ್ಲಿ ಸಿಕ್ಕರೆ ಕಾಲಿಗೆ ಬೀಳುತ್ತಾರೆ. “ಎಷ್ಟು ತಿಳಿಯಾಗಿ ಬರೆದಿದ್ದೀರಿ ಸ್ವಾಮಿ” ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ. ಶೂಲವಾಗಿದ್ದರೆ ಒಂದೇ ಸಲ ಚುಚ್ಚುತ್ತಿತ್ತು.